ಹಳೇ ಕ್ಲೂ

"ಬಂದ್ಯಾ?" ಎಂದ ರತನ್, ಅಂಗಿಗೆ ಮೈಕ್ ಸಿಕ್ಕಿಸಿಕೊಳ್ಳುತ್ತ. ಇಷ್ಟು ವರ್ಷಗಳ ಮೇಲೆ ಅಷ್ಟೇ ಮಾತು.

"ಕರ್ದ್ರಲ್ದಾ" ಎಂದಳು ದೀಕ್ಷಾ. ಅವನ ಕಿವಿಯ ಹತ್ತಿರ ಬಿಳಿ ಕೂದಲು ಇಣುಕಿತ್ತು. ನಗು ಮಾತ್ರ ಕಾಲೇಜಿನದೇ, ಅರ್ಧ ತುಟಿಯಲ್ಲಿ ನಿಂತುಬಿಡುವುದು.

ಕುಂದಾಪುರದ ಕೇಬಲ್ ಚಾನೆಲ್ಲು 'ಪದ ಹಿಡಿ' ಆಟವನ್ನು ಮತ್ತೆ ಶುರು ಮಾಡಿ, ಹಳೆಯ ಜೋಡಿಗಳನ್ನು ಕರೆಸಿತ್ತು. ಒಬ್ಬರು ಕ್ಲೂ ಕೊಡಬೇಕು, ಇನ್ನೊಬ್ಬರು ಪದ ಹೇಳಬೇಕು. ಕಾಲೇಜಿನ ದಿನಗಳಲ್ಲಿ ಫೈನಲ್‌ವರೆಗೆ ಬಂದ ಈ ಜೋಡಿ ಒಂದೇ ಪದಕ್ಕೆ ಸೋತಿತ್ತು.

ಪದ ಬಂಗುಡೆ, ಮೀನಿನ ಹೆಸರು. ಗಡಿಬಿಡಿಯಲ್ಲಿ ರತನ್ ಕೊಟ್ಟ ಕ್ಲೂ: "ನಮ್ಮನೆಯಗೆ ನೀ ಮತ್ತೆ ಮತ್ತೆ ಹಾಕ್ಸ್ಕಂಡದ್ದ್." ಅವಳು ಮನೆಯವರಿಗೆ ತಿಳಿಯದಂತೆ ತಿಂದದ್ದು. ಮುಂದಿನ ಸಾಲಿನಲ್ಲಿ ಅವಳಪ್ಪ, ಸಾಲಿಗ್ರಾಮದಲ್ಲಿ ಪೂಜೆ ಮಾಡುವ ಶಾಮರಾಯರು, ಕೂತಿದ್ದರು. ಪದ ನಾಲಿಗೆಯ ತುದಿಯಲ್ಲಿತ್ತು. "ಗೊತ್ತಿಲ್ಲ" ಎಂದುಬಿಟ್ಟಳು. ನಾವುಂದದ ಮೀನುಗಾರರ ಮನೆಯ ಹುಡುಗ ರತನ್‌ನ ಮುಖ ಸಣ್ಣದಾಯಿತು. ತನ್ನ ಮನೆಯೆಂದರೆ ಅವಳಿಗೆ ನಾಚಿಕೆ ಎಂದುಕೊಂಡ; ಮತ್ತೆ ಫೋನ್ ಮಾಡಲಿಲ್ಲ. ಇವಳಾದರೂ ಯಾವ ಮುಖ ಇಟ್ಟುಕೊಂಡು ಮಾಡಿಯಾಳು? ಬಂದ ಸಂಬಂಧಗಳಿಗೆಲ್ಲ ಏನಾದರೊಂದು ನೆಪ ಹೇಳುತ್ತ ಬಂದಳು. ಅವನಿಗೂ ಮದುವೆಯಾಗಿಲ್ಲವೆಂದು ತಿಳಿದ ಮೇಲೇ ಇವತ್ತು ಬರಲು ಒಪ್ಪಿದ್ದು.

ಇವತ್ತೂ ಅಪ್ಪ ಮುಂದಿನ ಸಾಲಿನಲ್ಲೇ ಇದ್ದರು.

"ಅವತ್ತು ತಪ್ಪಿದ ಪದವೇ ಇವತ್ತು" ಎಂದು ನಿರೂಪಕಿ ಗಿರಿಜಾ ಗಡಿಯಾರ ಶುರು ಮಾಡಿದಳು.

ರತನ್ ಶಾಮರಾಯರನ್ನು ನೋಡಿದ, ಅವಳನ್ನು ನೋಡಿದ. "ಸಮುದ್ರದಗೆ ಸಿಕ್ಕುದ್. ಮೈ ಮೇಲೆ ಪಟ್ಟಿ ಇತ್ತ್."

ಯಾರು ಬೇಕಾದರೂ ಹೇಳಬಹುದಾದ, ಯಾರ ಮರ್ಯಾದೆಗೂ ಕುಂದು ಬಾರದ ಕ್ಲೂ. ಅಷ್ಟು ನೊಂದವನು ಈಗಲೂ ತನ್ನ ಮಾನವನ್ನೇ ಕಾಯುತ್ತಿದ್ದಾನೆ.

"ಅದ್ ಬ್ಯಾಡ. ಹಳೇ ಕ್ಲೂ ಕೊಡ್."

"ದೀಕ್ಷಾ, ಟೈಮ್ ಹೋತಾ ಇತ್ತ್."

"ಹೋಗ್ಲಿ. ಕೊಡ್."

ಅವನ ದನಿ ತಗ್ಗಿತು. "ನಮ್ಮನೆಯಗೆ ನೀ ಮತ್ತೆ ಮತ್ತೆ ಹಾಕ್ಸ್ಕಂಡದ್ದ್."

"ಬಂಗುಡೆ. ನಿಮ್ಮಮ್ಮ ಮಾಡದ್ದ್. ಅವತ್ತೂ ಗೊತ್ತಿತ್ತ್. ಆ ಮನೆಯೂ ಬೇಕಿತ್ತ್, ನೀನೂ ಬೇಕಿತ್ತ್. ಹೇಳುಕೆ ಧೈರ್ಯ ಬರ್ಲಿಲ್ಲ, ಅಷ್ಟೆ."

ಗಂಟೆ ಆಗಲೇ ಹೊಡೆದಿತ್ತು. ಅಂಕದ ನೆನಪು ಯಾರಿಗೂ ಆಗಲಿಲ್ಲ.

ಶಾಮರಾಯರು ಎದ್ದು ನಿಧಾನವಾಗಿ ವೇದಿಕೆಯ ಹತ್ತಿರ ಬಂದರು. ದೀಕ್ಷಾ ಈ ಸಲ ತಲೆ ತಗ್ಗಿಸಲಿಲ್ಲ. ಅವರು ಶಾಲು ಸರಿಮಾಡಿಕೊಂಡು ರತನ್‌ನನ್ನು ನೋಡಿದರು.

"ಒಂದ್ ದಿನ ನಿಮ್ಮನೆಗೆ ಬತ್ತೆ ಅಂದ್ ಅಮ್ಮನತ್ರ ಹೇಳ್ ಮಾರಾಯ. ನಂಗ್ ಮಜ್ಜಿಗಿ ಸಾಕ್."

"ಇವ್ಳಿಗೆ?" ರತನ್‌ನ ಬಾಯಿಗೆ ಬಂದದ್ದು ಅಷ್ಟೇ.

"ಅವ್ಳಿಗೆ ಎಂತ ಬೇಕ್ ಅಂದ್ ಊರಿಗೆಲ್ಲ ಹೇಳಿ ಆಯ್ತಲ್ದಾ."