ತೊಳೆದ ಮರಳು

ಸೋಮವಾರ ಬೆಳಗ್ಗೆ ಠಾಣೆಯ ಬಾಗಿಲು ಗುಡಿಸಿ ಮುಗಿಸುವ ಮೊದಲೇ ಕೆರೆಯ ಹೂಳೆತ್ತುವ ಯಂತ್ರದ ಆಪರೇಟರ್ ಏದುಸಿರು ಬಿಡುತ್ತ ಬಂದ. ಡೀಸೆಲ್ ಟ್ಯಾಂಕಿಗೆ ಯಾರೋ ಮರಳು ಸುರಿದಿದ್ದರು. ಇಂಜಿನ್ ಕೆಮ್ಮಿ ಕೆಮ್ಮಿ ನಿಂತುಹೋಗಿತ್ತು. ಊರಿಗೆಲ್ಲ ಕುಡಿಯುವ ನೀರು ಆ ಕೆರೆಯದೇ. ನದಿ ವರ್ಷವರ್ಷವೂ ತಂದು ಸುರಿದ ಹೂಳು ಈಗ ನೀರೆಳೆಯುವ ಪೈಪಿನ ಬಾಯಿಗೇ ಬಂದಿತ್ತು. ಕೆಲಸ ನಿಂತರೆ ಬೇಸಿಗೆಯಲ್ಲಿ ನಲ್ಲಿಯಿಂದ ಬರುವುದು ಬರೀ ಗಾಳಿ. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್ಸ್‌ಟೇಬಲ್ ಜೊತೆ ಕೆರೆಗೆ ಹೊರಟರು.

ಬಲೆ ಬಿಡಿಸುತ್ತಿದ್ದ ಇಬ್ಬರು ಮೀನುಗಾರರನ್ನು ಪಂಚರಾಗಿ ಕರೆದು ಪಂಚನಾಮೆ ನಡೆಯಿತು. ಟ್ಯಾಂಕಿನ ಬಾಯಿಯ ಸುತ್ತ ಒಂದಿಷ್ಟು ಒಣ ಮರಳು ಚೆಲ್ಲಿತ್ತು.

“ದಡದ್ದೇ ಬಾಚಿ ಹಾಕಿರ್ತಾರೆ ಸಾರ್,” ಎಂದ ಹೆಡ್ ಕಾನ್ಸ್‌ಟೇಬಲ್.

ಇನ್ಸ್‌ಪೆಕ್ಟರ್ ಎರಡು ಲೋಟ ನೀರು ತರಿಸಿದರು. ದಡದ ಮರಳು ಬಿದ್ದ ಲೋಟ ಕೂಡಲೇ ಕದಡಿ ಕೆಂಪಾಯಿತು. ಚೆಲ್ಲಿದ್ದ ಮರಳು ಹಾಕಿದ ಲೋಟದ ನೀರು ತಿಳಿಯಾಗಿಯೇ ಉಳಿಯಿತು. ತಳದಲ್ಲಿ ಕೂತ ಕಾಳುಗಳೆಲ್ಲ ಒಂದೇ ಗಾತ್ರ.

“ತೊಳೆದಿದ್ದಾರೆ, ಜರಡಿನೂ ಹಿಡಿದಿದ್ದಾರೆ. ಇಂಜಿನ್ ಹಾಳು ಮಾಡೋಕೆ ಬಂದವನು ಮರಳು ಯಾಕ್ರೀ ತೊಳೀತಾನೆ?”

“ಭಾರಿ ಮಡಿ ಮನುಷ್ಯ ಇರ್ಬೇಕು ಸಾರ್.”

ಹಾಗೆ ಮರಳು ತೊಳೆಯುವ ಜಾಗ ಊರಲ್ಲಿ ಒಂದೇ ಒಂದು: ನೀರು ಶುದ್ಧ ಮಾಡುವ ಘಟಕ. ಅಲ್ಲಿ ಕೆರೆಯ ನೀರು ಮರಳಿನ ತೊಟ್ಟಿಗಳಲ್ಲಿ ಇಳಿದಿಳಿದು ತಿಳಿಯಾಗುತ್ತದೆ. ತೊಟ್ಟಿ ನೋಡಿಕೊಳ್ಳುವವನನ್ನು ಊರವರು ತಿಳಿನೀರಣ್ಣ ಎಂದೇ ಕರೆಯುತ್ತಿದ್ದರು. ಅವನ ಕೋಣೆಯ ಹಿಂದೆ ಡೀಸೆಲ್ ವಾಸನೆಯ ಖಾಲಿ ಚೀಲ ಸಿಕ್ಕಿತು.

ಇನ್ಸ್‌ಪೆಕ್ಟರ್ ಅವನ ಅಂಗೈಗೆ ಮರಳು ಸುರಿದರು. “ಯಾರದು ಇದು?”

ಅವನು ಬೆರಳಲ್ಲಿ ಉಜ್ಜಿ ನೋಡಿದ. “ನಮ್ಮದೇ ಸಾರ್.”

“ಟ್ಯಾಂಕಿಗೆ ಹಾಕಿದ್ದು?”

“ನಾನೇ.”

“ದಡದಲ್ಲಿ ಬೇಕಾದಷ್ಟು ಬಿದ್ದಿತ್ತಲ್ಲ?”

“ಮರಳು ಅಂದ್ರೆ ಕೈ ಇಲ್ಲಿಗೇ ಬರುತ್ತೆ ಸಾರ್. ದಡದ್ದು ಹೊಳೀಲೇ ಇಲ್ಲ.”

“ಹೂಳು ಹೋದ್ರೆ ನಿಮಗೇ ಅನುಕೂಲ ಅಲ್ವಾ? ಮತ್ತೆ ಯಾಕೆ?”

“ನನ್ನ ತಮ್ಮ ಮುಳುಗಿದ್ದು ಆ ಕೆರೇಲೇ. ದೋಣಿ ಸಿಕ್ತು, ಅವನು ಸಿಗಲಿಲ್ಲ. ಎಲ್ಲೋ ಬದುಕಿದ್ದಾನೆ ಅಂತ ಅಮ್ಮ ನಂಬ್ಕೊಂಡಿದ್ದಾಳೆ. ಮೊನ್ನೆ ಹೂಳಿನ ಜೊತೆ ಅವನ ದೋಣಿ ಹುಟ್ಟು ಮೇಲೆ ಬಂತು. ಇನ್ನು ಅವನೇ ಬಂದುಬಿಟ್ರೆ, ಅಮ್ಮ ಉಳೀತಾಳಾ ಸಾರ್?”

ಹೆಡ್ ಕಾನ್ಸ್‌ಟೇಬಲ್ ಅವನಿಗೊಂದು ಕುರ್ಚಿ ಎಳೆದುಕೊಟ್ಟ. ಆದರೂ ಊರಿನ ನೀರಿನ ವಿಷಯ. ಇನ್ಸ್‌ಪೆಕ್ಟರ್ ಹೇಳಿಕೆ ಬರೆದುಕೊಂಡು, ಅವನ ಕೋಣೆಯಲ್ಲಿದ್ದ ಹುಟ್ಟನ್ನು ವಶಪಡಿಸಿಕೊಂಡು, ಸಂಜೆ ಐದಕ್ಕೆ ಬಂಧನ ದಾಖಲಿಸಿದರು.

ಮನೆಯವರಿಗೆ ಸುದ್ದಿ ಮುಟ್ಟಿಸಲು ತಾವೇ ಹೋದರು. ತಾಯಿ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದರು. ಎಲ್ಲವನ್ನೂ ಕೇಳಿ ನೆಲದ ಮೇಲೆ ಕೂತರು.

“ಅಯ್ಯೋ ಹುಚ್ಚಪ್ಪ! ಚಿಕ್ಕವನು ಸತ್ತಿದ್ದು ನನಗೆ ಅವತ್ತೇ ಗೊತ್ತು. ಇವನು ಊಟ ಬಿಟ್ಟು ಕೂತಿರ್ತಿದ್ದ. ಸಮಾಧಾನ ಆಗ್ಲಿ ಅಂತ ‘ಬರ್ತಾನೆ ಬಿಡೋ’ ಅಂತಿದ್ದೆ. ನಂಬಿರೋದು ಇವನೇ ಅಂದ್ಕೊಂಡಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡರು. “ಮಿಷನ್ ಬಂದಾಗ ಎಷ್ಟು ಹಗುರ ಆಗಿತ್ತು ಗೊತ್ತಾ? ಸಿಕ್ಕರೆ ಮಣ್ಣು ಮಾಡ್ಬಹುದು ಅಂತ. ಯಾವತ್ತು ರಿಪೇರಿ ಆಗುತ್ತೆ?”

“ಗುರುವಾರ ಅಂತೆ ಅಮ್ಮ.”

“ಅಷ್ಟರೊಳಗೆ ದೊಡ್ಡವನನ್ನ ಬಿಡ್ತೀರಾ?”

“ಕೋರ್ಟು ಬಿಡ್ಬೇಕು. ಜಾಮೀನಿಗೆ ನಾನಂತೂ ಅಡ್ಡ ಬರಲ್ಲ.”

“ಬಿಡಿಸಿ ಸಾಹೇಬ್ರೇ,” ಎಂದರು ತಾಯಿ. “ತಮ್ಮ ಸಿಕ್ಕರೆ ಎತ್ತಿಕೊಳ್ಳೋಕೆ ಅಣ್ಣ ಬೇಕಲ್ಲ.”