ಫೋಟೋಗೆ ಹೊಂದುವ ಮುಖ

ಮುಖ ನೋಡಿ ಫೋಟೋ ತೆಗೆಯುವುದು ಲೋಕದ ಪದ್ಧತಿ. ಮಂಗಳಗೌರಿ ಹಿಂದೂಪುರದ ಫ್ಯಾನ್ಸಿ ಸ್ಟೋರಿಗೆ ಬಂದದ್ದು ಫೋಟೋ ನೋಡಿ ಮುಖ ಮಾಡಿಸಲಿಕ್ಕೆ.

"ನೋಡಮ್ಮ," ಎಂದು ಗಾಜಿನ ಕೌಂಟರಿನ ಮೇಲೆ ಫೋಟೋ ಇಟ್ಟಳು. "ನಮ್ಮ ಹುಡ್ಗಿ ನಾಳಿಕ್ಕೆ ಹಿಂಗೇ ಕಾಣಬೇಕು."

ಚಿಕ್ಕಮ್ಮನ ಪಕ್ಕದಲ್ಲಿದ್ದ ರಶ್ಮಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಫೋಟೋದಲ್ಲಿದ್ದವಳು ಅವಳೇ. ಆದರೆ ಕಲ್ಯಾಣದುರ್ಗದ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅವಳನ್ನು ಹಾಲಿನಲ್ಲಿ ಅದ್ದಿ ತೆಗೆದಿದ್ದ. ಹಿಂದೆ ಬಂದ ಎರಡು ಸಂಬಂಧ "ಹುಡ್ಗಿ ಬಣ್ಣ ಕಮ್ಮಿ" ಎಂಬ ಮಾತಿಗೇ ತಪ್ಪಿಹೋಗಿದ್ದವು. ಈ ಫೋಟೋ ಕಂಡ ಹಿಂದೂಪುರದ ಹುಣಸೆಹಣ್ಣಿನ ಮಂಡಿಯವರು ಮಾತ್ರ ಭಾನುವಾರವೇ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಹುಡುಗನ ಹೆಸರು ಹಾಲೇಶ. ಅವನದೂ ಒಂದು ಫೋಟೋ ಬಂದಿತ್ತು, ಬೈಕಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಪಕ್ಕಕ್ಕೆ ತಿರುಗಿ ಕೂತದ್ದು. ಅದರಲ್ಲಿ ಅವನಿಗಿಂತ ಬೈಕೇ ಚೆನ್ನಾಗಿ ಕಾಣುತ್ತಿತ್ತು.

ಕಲ್ಯಾಣದುರ್ಗದಲ್ಲಿ ಕ್ರೀಮು ಕೊಂಡರೆ ಬೀದಿಗೆಲ್ಲ ಗೊತ್ತಾಗುತ್ತದೆಂದು ಚಿಕ್ಕಮ್ಮ ಬಸ್ಸು ಹತ್ತಿಸಿ ಹುಡುಗನ ಊರಿಗೇ ಕರೆತಂದಿದ್ದಳು. ಅತಿ ಬುದ್ಧಿವಂತರ ಕೆಲಸವೇ ಹೀಗಿರುತ್ತದೆ.

"ಚಿಕ್ಕಮ್ಮ, ಇದು ಮೋಸ ಅಲ್ವಾ?"

"ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತ ದೊಡ್ಡೋರೇ ಹೇಳವ್ರೆ. ನಾನು ಹೇಳಿರೋದು ಒಂದೇ. ಸುಮ್ಕಿರು."

ಅಷ್ಟರಲ್ಲಿ ಬನಶ್ರೀ ಎಂಬ ಬ್ಯಾಡ್ಜು ಹಾಕಿದ್ದ ಸೇಲ್ಸ್ ಹುಡುಗಿ ರಶ್ಮಿಯನ್ನು ಸ್ಟೂಲಿನ ಮೇಲೆ ಕೂರಿಸಿಯೇ ಬಿಟ್ಟಿದ್ದಳು. "ಒಕ್ಕ ನಿಮಿಷಂ ಅಕ್ಕಾ. ತಗೊಳ್ಳೋದೇನೂ ಬ್ಯಾಡ, ಸುಮ್ನೆ ನೋಡಿ." ಹಾಗೆ ಕೂತವರು ಬರಿಗೈಯಲ್ಲಿ ಎದ್ದದ್ದು ಆ ಅಂಗಡಿಯಲ್ಲಿ ಇಲ್ಲ. ಬಲಗೆನ್ನೆಗೆ, ಹಣೆಯ ಬಲಭಾಗಕ್ಕೆ ಫೌಂಡೇಶನ್ ಬಳಿದು ಮೂಗಿನ ನಡುವೆ ನಿಲ್ಲಿಸಿದಳು. ಅರ್ಧ ಮುಖಕ್ಕೆ ಹಚ್ಚಿ, ಅರ್ಧ ಬಿಟ್ಟು, ಕನ್ನಡಿ ಹಿಡಿಯುವುದು ಆ ಕೌಂಟರಿನ ಪಟ್ಟು.

"ಚೂಡಂಡಿ ಅಕ್ಕಾ, ಎಷ್ಟು ಡಿಫರೆನ್ಸು."

ರಶ್ಮಿ ನೋಡಿದಳು. ಕನ್ನಡಿಯಲ್ಲಿ ಇಬ್ಬರಿದ್ದರು, ಇಬ್ಬರಿಗೂ ಮುಜುಗರವಾಗಿತ್ತು. ಚಿಕ್ಕಮ್ಮ ಫೋಟೋವನ್ನು ಬ್ಯಾಗಿಗೆ ಹಾಕಿಕೊಂಡು ಬಳೆ ನೋಡಲು ಮಹಡಿ ಹತ್ತಿದಳು.

ಆಗ ಒಬ್ಬ ಯುವಕ ಗದ್ದಕ್ಕೆ ಕರ್ಚೀಫು ಒತ್ತಿಕೊಂಡು ಒಳಗೆ ಬಂದ. ಹಲ್ಲುನೋವಿರಬೇಕು ಎಂದುಕೊಂಡಳು ರಶ್ಮಿ. ಬನಶ್ರೀ ಅವನನ್ನೂ ಹಿಡಿದಳು.

"ಲೇಡೀಸ್‌ಗಾ ಸಾರ್, ನಿಮಗಾ? ಕರ್ಚೀಫು ತಗೀರಿ. ನೋಡ್ದೆ ಶೇಡು ಹೆಂಗೆ ಹೇಳ್ಲಿ?"

ಅವನು ಹಿಂದೆ ಮುಂದೆ ನೋಡಿ ತೆಗೆದ. ಗದ್ದದ ಎಡಕ್ಕೆ ಒಂದು ಬಿಳಿ ಮಚ್ಚೆ ಇತ್ತು.

"ಓ, ಬಿಳಿ ಮಚ್ಚೆ ಮುಚ್ಚೋಕಾ ಸಾರ್? ಐತೆ ಐತೆ," ಎಂದಳು ಬನಶ್ರೀ, ಅಂಗಡಿಗೆಲ್ಲ ಕೇಳುವ ಹಾಗೆ. ಲಿಪ್‌ಸ್ಟಿಕ್ ಆರಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಅವನ ಕಣ್ಣು ನೆಲಕ್ಕೆ ಬಿತ್ತು. ಆ ತಲೆ ತಗ್ಗಿಸುವುದು ಹೇಗಿರುತ್ತದೆಂದು ರಶ್ಮಿಗೆ ಗೊತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಅವಳೂ ಹಾಗೆಯೇ ಕೂತಿದ್ದಳು.

"ರೀ ಬನಶ್ರೀ," ಎಂದಳು ಗಟ್ಟಿಯಾಗಿ. "ನನ್ನ ಅರ್ಧಕ್ಕೇ ಬಿಟ್ಬುಟ್ರಲ್ಲ. ಈ ಬಣ್ಣ ಸಾಲ್ದು, ಇನ್ನೂ ಬೆಳ್ಳಗಿರೋದು ಒಳಗೈತಾ ನೋಡ್ಕಂಡ್ ಬನ್ನಿ."

ದೊಡ್ಡ ಗಿರಾಕಿ ಸಿಕ್ಕಿತೆಂದು ಬನಶ್ರೀ ಒಳಗೋಡಿದಳು. ಹೆಂಗಸರು ಈಗ ರಶ್ಮಿಯ ಎರಡು ಬಣ್ಣದ ಮುಖ ನೋಡಿ ಸೆರಗು ಬಾಯಿಗಿಟ್ಟು ನಕ್ಕರು. ನಗಲಿ ಬಿಡಿ, ನಗುವವರಿಗೇನು ಬರ.

"ನನ್ನಿಂದ ನೀವು ನಗೆಪಾಟಲಾದ್ರಿ," ಎಂದ ಅವನು ಮೆಲ್ಲಗೆ.

"ನಾನು ಬಂದಾಗಿಂದ ಅದೇ ಆಗಿದೀನಿ." ರಶ್ಮಿ ಅವನತ್ತ ಮುಖ ತಿರುಗಿಸಿದಳು. ಅವನು ನೋಡಿದ. ಅಳೆಯುವ ನೋಟವಲ್ಲ ಅದು, ಗುರುತು ಹಿಡಿಯಲು ಹೊರಟವರ ನೋಟ.

"ಇದ್ರಾಗೆ ನಿಮ್ದು ಯಾವ ಕಡೆ?"

"ಈ ಕಡೆ ನಂದು. ಆ ಕಡೆ ಬನಶ್ರೀದು."

ಅವನು ನಕ್ಕುಬಿಟ್ಟ. ನಗುವಾಗ ಕೈ ತಾನಾಗಿ ಗದ್ದಕ್ಕೆ ಹೋಯಿತು. ಕಣ್ಣಿನ ನಗು ಮಾತ್ರ ಹೊರಗೇ ಉಳಿಯಿತು, ಅದು ರಶ್ಮಿಗೆ ಇಷ್ಟವಾಯಿತು.

"ನಾಳಿಕ್ಕೆ ಹೆಣ್ಣು ನೋಡಕ್ಕೆ ಹೋಯ್ತಿದೀನಿ," ಎಂದ. "ಇದನ್ನ ಮುಚ್ಕಂಡೇ ಬರಬೇಕು ಅಂದವ್ಳೆ ಅವ್ವ."

ರಶ್ಮಿಯ ಎದೆ ಚುರುಕ್ಕೆಂದಿತು. ನಾಳೆ ಭಾನುವಾರ, ಅರ್ಧ ಜಿಲ್ಲೆ ಹೆಣ್ಣು ನೋಡಲು ಹೊರಡುವ ದಿನ. ಈಗಷ್ಟೇ ಕಂಡ ಮನುಷ್ಯ ಯಾರ ಮನೆಗೆ ಹೋದರೆ ಇವಳಿಗೇನು? ಆದರೂ ನೋವಾಯಿತು.

"ಮುಚ್ಕಂಡ್ ಹೋದ್ರೆ ಆ ಹುಡ್ಗಿಗೆ ತೋರ್ಸೋದು ಯಾವಾಗ?" ಎಂದಳು. "ಜೀವ ಇರೋಗಂಟ ಮುಖ ತೊಳೀದೆ ಇರಕ್ಕಾಯ್ತದಾ?"

"ಕಂಡು ಬ್ಯಾಡ ಅಂದ್ರೆ?"

"ಅನ್ಲಿ. ಕಂಡೂ ಹೂಂ ಅನ್ನೋಳು ಸಿಕ್ಕಿದ್ರೆ ಅವ್ಳೇ ಅಲ್ವಾ ನಿಮ್ಮೋಳು?"

ಅವನು ಕರ್ಚೀಫು ಮಡಿಸಿ ಜೇಬಿಗಿಟ್ಟುಕೊಂಡ. "ಬತ್ತೀನ್ರೀ," ಎಂದು ಬರಿಮುಖದಲ್ಲೇ ಬೀದಿಗಿಳಿದ. ಹೆಸರಾದರೂ ಕೇಳಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಬನಶ್ರೀ ಬಂದಳು, ಚಿಕ್ಕಮ್ಮ ಇಳಿದಳು, ಬಾಟಲಿ ಬ್ಯಾಗು ಸೇರಿತು.

ಭಾನುವಾರ ಬೆಳಿಗ್ಗೆ ಕಲ್ಯಾಣದುರ್ಗದ ಮನೆಯಲ್ಲಿ ಚಿಕ್ಕಮ್ಮ ತನ್ನ ಕೈಯಾರೆ ಮುಖ ತುಂಬ ಹಚ್ಚಿ, ಫೋಟೋ ಪಕ್ಕಕ್ಕೆ ಹಿಡಿದು ನೋಡಿದಳು. "ಈಗ ಸರಿ ಹೋಯ್ತು." ಹೊರಗೆ ಕಾರು ನಿಂತ ಸದ್ದಾಯಿತು. ರಶ್ಮಿ ಕನ್ನಡಿ ನೋಡಿದಳು. ಯಾರಿಗೋ ಅಷ್ಟು ದೊಡ್ಡ ಬುದ್ಧಿವಾದ ಹೇಳಿ ಬಂದ ಬಾಯಿ ಇದೇ. ಎದ್ದು ಬಚ್ಚಲಿಗೆ ಹೋಗಿ ಸೋಪು ತೆಗೆದುಕೊಂಡಳು.

ಒದ್ದೆ ಮುಖ ಕಂಡ ಚಿಕ್ಕಮ್ಮ ಓಡಿಬಂದಳು. "ಏನ್ ಮಾಡ್ಕಂಡೆ ಕಣೇ. ಇದೂ ತಪ್ಪೋದ್ರೆ?"

"ಹೋಗ್ಲಿ ಚಿಕ್ಕಮ್ಮ. ಈ ಮುಖ ನಂದು ಅಂತ ಒಬ್ಬರಿಗೆ ಹೇಳ್ಬುಟ್ಟಿದೀನಿ."

ಮಂಗಳಗೌರಿ ಬೈಯಲಿಲ್ಲ. ತಾಯಿಯಿಲ್ಲದ ಮಗುವನ್ನು ಎತ್ತಿ ಸಾಕಿದವಳು ಅವಳು. ಸೆರಗಿನಿಂದ ಆ ಮುಖ ಒರೆಸಿ, ಹಣೆಗೆ ವಿಭೂತಿ ಇಟ್ಟು, ಕಾಫಿ ತಟ್ಟೆ ಕೈಗೆ ಕೊಟ್ಟಳು.

ನಡುಮನೆಯಲ್ಲಿ ಹುಡುಗ ತಲೆಯೆತ್ತಿದ. ಹಣೆಯಲ್ಲಿ ವಿಭೂತಿ, ಗದ್ದದಲ್ಲಿ ಮಚ್ಚೆ, ಎರಡೂ ಬೆಳಕಿಗೆ ಬಿದ್ದಿದ್ದವು. ಅಂಗಡಿಯಲ್ಲಿ ಕಂಡವನೇ ಎಂದು ರಶ್ಮಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು. ಅವನು ಎದ್ದು ನಿಂತೇಬಿಟ್ಟ. ಹೆಣ್ಣು ನೋಡಲು ಬಂದ ಗಂಡು ಎದ್ದು ನಿಲ್ಲುವುದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

"ಫೋಟೋನಾಗೆ ಬೇರೆ ಥರ ಇದ್ಯಲ್ಲಮ್ಮ," ಎಂದಳು ಅವನ ತಾಯಿ.

"ನಿಮ್ಮ ಹುಡ್ಗನೂ ಫೋಟೋನಾಗೆ ಒಂದೇ ಕಡೆ ತಿರುಗವ್ನಲ್ಲಮ್ಮ," ಎಂದಳು ಚಿಕ್ಕಮ್ಮ.

ಒಪ್ಪಿಗೆಯಾದರೆ ಮಾತ್ರ ಮುಟ್ಟುವ ಎಲೆಅಡಿಕೆ ತಟ್ಟೆ ನಡುವೆ ಹಾಗೇ ಕೂತಿತ್ತು. ರಶ್ಮಿಯ ಚಿಕ್ಕಪ್ಪ ಹುಡುಗನತ್ತ ತಿರುಗಿದ. "ಹುಡ್ಗೀನ ಏನಾನ ಕೇಳಂಗಿದ್ರೆ ಕೇಳಪ್ಪ."

"ಮುಖ ತೊಳಿಯಕ್ಕೆ ತುಂಬ ಹೊತ್ತಾಯ್ತಾ?" ಎಂದು ಕೇಳಿದ ಹಾಲೇಶ.

"ಎರಡು ಸಲ ಸೋಪು ಹಾಕ್ದೆ. ಬನಶ್ರೀದು ಗಟ್ಟಿ ಮಾಲು."

ಹಿರಿಯರು ಮುಖ ಮುಖ ನೋಡಿಕೊಂಡರು.

"ಫೋಟೋನಾಗಿರೋ ಹುಡ್ಗಿಗೆ ಹೆಂಗಪ್ಪ ಬ್ಯಾಡ ಅನ್ನೋದು ಅಂತ ದಾರಿಯುದ್ದಕ್ಕೂ ಒದ್ದಾಡ್ಕಂಡ್ ಬಂದೆ," ಎಂದ ಅವನು. "ಅಂಗಡಿನಾಗೆ ಕಂಡೋರು ಮನಸ್ನಾಗೆ ಕೂತ್ಬುಟ್ಟಿದ್ರು. ನಿನ್ನೆ ನನ್ನ ಹತ್ರ ಮಾತಾಡ್ವಾಗ ನೀವು ಹಚ್ಚದೇ ಇರೋ ಕಡೆಯೇ ನನಗೆ ತಿರುಗ್ಸಿದ್ರಿ. ಗೊತ್ತಾ?"

"ಗೊತ್ತಿರ್ಲಿಲ್ಲ," ಎಂದಳು ರಶ್ಮಿ. ಮುಖ ಬಿಸಿಯಾಗುತ್ತಿದ್ದರೂ ತಲೆ ತಗ್ಗಿಸಲಿಲ್ಲ. "ಇವತ್ತು ಎರಡು ಕಡೆಯೂ ನಂದೇ."

ಹಾಲೇಶ ನಕ್ಕ, ಹಲ್ಲು ಕಾಣುವಂತೆ, ಮನೆ ತುಂಬುವಂತೆ. ಕೈ ಗದ್ದಕ್ಕೆ ಹೋಗಲಿಲ್ಲ. ಮಚ್ಚೆ ಕಾಣಿಸಿಕೊಂಡ ಹೈಸ್ಕೂಲಿನ ದಿನಗಳಿಂದ ಮಗ ಬಾಯಿ ಮುಚ್ಚಿಕೊಳ್ಳದೆ ನಕ್ಕದ್ದನ್ನು ಅವನ ತಾಯಿ ಕಂಡಿರಲಿಲ್ಲ. ಈಗ ಆಕೆ ಅವನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಬಂದಿತ್ತು. ಆಮೇಲೆ ಕೈ ಚಾಚಿ ಎಲೆಅಡಿಕೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಆ ಫೋಟೋನ ನೀವೇ ಇಟ್ಕಳಿ ಕಣಮ್ಮ," ಎಂದಳು ಚಿಕ್ಕಮ್ಮನಿಗೆ. "ನಮಗೆ ಹುಡ್ಗೀನ ಕೊಡಿ."