ಒಂದನೇ ಸೀಟಿನ ವಾಲ್ವು

"ತಾತಾ, ನೋಡು! ಹೇಗೆ ಫಳಫಳ ಅಂತಿವೆ!"

ಗಿಣಿ ಬಟ್ಟೆ ಹಿಡಿದು ನಿಂತಿದ್ದಳು. ರಿಪೇರಿ ಮೇಜಿನ ಮೇಲೆ, ಹಳೇ ರೇಡಿಯೋಗಳ ಒಳಗಿರುವಂಥ, ಕಿರುಬೆರಳಿನಷ್ಟಿದ್ದ ಮೂರು ಗಾಜಿನ ವಾಲ್ವುಗಳು ಮಿಂಚುತ್ತಿದ್ದವು.

ತಾತ ಒಂದನ್ನೆತ್ತಿ ಬೆಳಕಿಗೆ ಹಿಡಿದ. ಇನ್ನೊಂದನ್ನೂ ಹಿಡಿದ. ಮುಖ ಸಪ್ಪಗಾಯಿತು.

"ಇವುಗಳ ಮೇಲೆ ಪೆನ್ನಲ್ಲಿ ಒಂದು, ಎರಡು, ಮೂರು ಅಂತ ಬರೆದಿದ್ದೆನಲ್ಲೇ?"

"ಕೊಳೆ ಅಂದ್ಕೊಂಡೆ..."

"ನನ್ನ ಅಕ್ಷರ ನಿಂಗೆ ಕೊಳೆ ಥರ ಕಾಣ್ತಾ?"

ಗಿಣಿಗೆ ನಗು ಬರಲಿಲ್ಲ. ಐದು ಗಂಟೆಗೆ ಕಾಲೇಜಿನ ಲ್ಯಾಬ್ ಮೇಡಂ ಬರುವವರಿದ್ದರು. ಮೇಜಿನ ಮೇಲಿದ್ದ ಹಳೇ ಪ್ರಿಆಂಪ್ ಪೆಟ್ಟಿಗೆ ಅವರದು; ಈ ವಾಲ್ವುಗಳು ಅದರವೇ. ಬಲು ಸಣ್ಣ ಸಿಗ್ನಲನ್ನು ದೊಡ್ಡದು ಮಾಡಿ ಅಳತೆಯ ಮೆಷಿನ್ನಿಗೆ ಕೊಡುವುದು ಅದರ ಕೆಲಸ. ಗೋಡೆಯ ಕರೆಂಟು ಕೊಟ್ಟರೆ ಗುಂಯ್ ಎನ್ನುವ ಸದ್ದೂ ಸೇರಿಕೊಳ್ಳುತ್ತದೆಂದು ಅದಕ್ಕೆ ಬ್ಯಾಟರಿ. ಮೂರರಲ್ಲಿ, ತಟ್ಟಿದಾಗ ತೀರಾ ಕಡಿಮೆ ಗಲಾಟೆ ಮಾಡುವ ವಾಲ್ವು, ಸಿಗ್ನಲ್ ಮೊದಲು ಹೊಕ್ಕುವ ಒಂದನೇ ಸೀಟಿನಲ್ಲಿ ಕೂರಬೇಕು. ಅಲ್ಲಿ ಹುಟ್ಟಿದ ಗಲಾಟೆಯನ್ನು ಉಳಿದೆರಡೂ ಹಿಗ್ಗಿಸುತ್ತವೆ. ಅದು ಯಾವುದೆಂದು ಹುಡುಕಲು ತಾತನಿಗೆ ಮೂರು ದಿನ ಹಿಡಿದಿತ್ತು.

ಈಗ ಗಂಟೆ ನಾಲ್ಕು.

"ಮೇಡಂಗೆ ನಾನೇ ಹೇಳ್ತೀನಿ ತಾತ, ನಂದೇ ತಪ್ಪು ಅಂತ." ಗಿಣಿ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು.

"ಮೊದಲು ಕೆಲಸ. ಅಳೋದಿದ್ರೆ ಐದರ ಮೇಲೆ."

ತಾತ ಒಂದನೇ ಸೀಟಿಗೆ ಒಂದು ವಾಲ್ವು ಸಿಕ್ಕಿಸಿ, ಹೆಡ್‌ಫೋನ್ ಏರಿಸಿಕೊಂಡು, ಪೆನ್ಸಿಲಿನಿಂದ ಅದನ್ನು ಮೆಲ್ಲಗೆ ತಟ್ಟಿದ. ಕಣ್ಣು ಮುಚ್ಚಿದ. ಮತ್ತೆ ತಟ್ಟಿದ. ವಾಲ್ಯೂಮ್ ತಿರುಗಿಸಿದ, ಇನ್ನೂ ತಿರುಗಿಸಿದ. ಗುಂಡಿ ಕೊನೆ ಮುಟ್ಟಿ ನಿಂತಿತು.

"ಈ ಹೆಡ್‌ಫೋನೇ ಸರಿಯಿಲ್ಲ," ಎಂದು ಗೊಣಗಿದ.

"ನಂಗೆ ಕೊಡು."

ಗಿಣಿ ಹಾಕಿಕೊಂಡಳು. ಪೆನ್ಸಿಲ್ ತಾಗಿದ್ದಷ್ಟೇ, ತಲೆಯೊಳಗೆ ಸ್ಕೂಲ್ ಬೆಲ್ ಹೊಡೆದಂತಾಯಿತು! ಹೌಹಾರಿ ಕಿತ್ತು ತೆಗೆದಳು.

"ಏನಾದ್ರೂ ಕೇಳ್ತಾ?" ಎಂದ ತಾತ.

ಗಿಣಿ ಅವನ ಮುಖ ನೋಡಿದಳು. ತಾತ ತಮಾಷೆ ಮಾಡುತ್ತಿರಲಿಲ್ಲ. ವಾಲ್ಯೂಮನ್ನು ಕಾಲುಭಾಗಕ್ಕೆ ಇಳಿಸಿದಳು.

"ನೀನು ತಟ್ಟು. ನಾನು ಕೇಳ್ತೀನಿ."

ಮೊದಲನೆಯದು ಟಣ್ ಎಂದಿತು. ಸ್ವಿಚ್ ಆರಿಸಿ ಎರಡನೆಯದನ್ನು ಹಾಕಿದರು. ಅದು ಟಣ್ಣ್‌ಣ್‌ಣ್ ಎಂದು ರಾಗ ಎಳೆಯಿತು. ಮೂರನೆಯದು ಟಪ್. ಆಮೇಲೆ ಗಪ್‌ಚುಪ್.

"ಇದೇ ತಾತ! ಬಾಯೇ ಬಿಡಲ್ಲ!"

"ಹಾಗಾದ್ರೆ ನಿನ್ನ ಜಾತಿಯದಲ್ಲ ಬಿಡು."

ಇಬ್ಬರೂ ನಕ್ಕರು. ಉಳಿದೆರಡಕ್ಕೂ ಸೀಟು ಸಿಕ್ಕಿತು.

ಐದಕ್ಕೆ ಮೇಡಂ ಬಂದರು. ಗಿಣಿ ನಂಬರ್ ಒರೆಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಮೇಡಂ ನಗುತ್ತಲೇ ಹೆಡ್‌ಫೋನ್ ಹಾಕಿಕೊಂಡು ಆಲಿಸಿದರು.

"ಅಬ್ಬಾ, ಎಷ್ಟು ನಿಶ್ಶಬ್ದ! ಈ ವಯಸ್ಸಲ್ಲೂ ಎಂಥಾ ಕಿವಿ ನಿಮ್ಮದು!"

"ಹಾಂ?" ಎಂದ ತಾತ.

ಗಿಣಿ ಅವನೆದುರಿಗೆ ಬಂದು ನಿಂತಳು. ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದಳು:

"ಕೆಲಸ ತುಂಬಾ ಚೆನ್ನಾಗಿದೆಯಂತೆ ತಾತ."